ಕಾಸು ಕೊಟ್ಟು ಮಾಡಿಸೋ ಲಾಬಿ, ನಾವು ಕಳಿಸೋ ಆಕ್ಷೇಪಣೆ: ಕರಡು ಕಾನೂನಿನ ಹಂತದಲ್ಲಿ ಜನರ ಮಾತು ನಡೆಯುತ್ತಾ?

ಮಂಡಿಪೇಟೆ (ದಾವಣಗೆರೆ)

2024ರ ಜುಲೈ 15ರಂದು ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70. 17ನೇ ತಾರೀಕು ಐಟಿ ಕಂಪನಿಗಳ ಸಂಘವಾದ ನಾಸ್ಕಾಂ ಹೇಳಿಕೆ ಬಂತು, ದೊಡ್ಡ ಉದ್ಯಮಿಗಳು ಟ್ವೀಟ್ ಮಾಡಿದರು, ಅವತ್ತೇ ಮಸೂದೆಗೆ ತಡೆ ಬಿತ್ತು. ಮಸೂದೆ ಸರಿಯೋ ತಪ್ಪೋ ಅನ್ನೋ ಜಗಳ ಇಲ್ಲಿ ಬೇಡ. ನನ್ನ ಪ್ರಶ್ನೆ ಇಷ್ಟೇ: ಅವರ ಒಂದು ಪುಟದ ಹೇಳಿಕೆಗೆ ಸರ್ಕಾರ ಒಂದೇ ದಿನದಲ್ಲಿ ಓಗೊಟ್ಟಿತು. ಜಗಳೂರಿನಿಂದಲೋ ಮೊಳಕಾಲ್ಮೂರಿನಿಂದಲೋ ಐನೂರು ಸಹಿ ಹಾಕಿಸಿ ಕಳಿಸಿದ ಮನವಿಗೆ ಸ್ವೀಕೃತಿ ಮುದ್ರೆ ಬಿಟ್ಟು ಬೇರೇನೂ ಸಿಗಲ್ಲ. ಇದು ಬರೀ ದುಡ್ಡಿನ ವ್ಯತ್ಯಾಸವಾ, ಇಲ್ಲ ಅವರಿಗೆ ಗೊತ್ತಿರೋ ದಾರಿ ನಮಗೆ ಗೊತ್ತಿಲ್ವಾ? ಇಲಾಖೆ ಕೆಲಸ, ಕಾನೂನು, ಸಂಘಟನೆ ಬಲ್ಲವರು ವಿವರವಾಗಿ ಬರೀರಿ. "ಎಲ್ಲಾ ಕಳ್ರು" ಅನ್ನೋ ಉತ್ತರ ಬೇಡ, ಅದು ನಮಗೂ ಬರುತ್ತೆ.

ಕೋಟೆಕಲ್ಲು (ಚಿತ್ರದುರ್ಗ)

ಮೊದಲು ಕಾನೂನು ಎಲ್ಲಿ ತಯಾರಾಗುತ್ತೆ ಅಂತ ನೋಡೋಣ, ಯಾಕಂದ್ರೆ ನಮ್ಮ ಮನವಿಗಳೆಲ್ಲ ಹೋಗೋದು ತಪ್ಪು ಜಾಗಕ್ಕೆ.

ಮಸೂದೆ ಹುಟ್ಟೋದು ವಿಧಾನಸಭೆಯಲ್ಲಲ್ಲ, ಸಂಬಂಧಪಟ್ಟ ಇಲಾಖೆಯ ಸಚಿವಾಲಯದಲ್ಲಿ. ಕಾರ್ಯದರ್ಶಿ ಮಟ್ಟದಲ್ಲಿ ಕಡತ ತೆರೀತಾರೆ, ಆರ್ಥಿಕ ಇಲಾಖೆ ಅಭಿಪ್ರಾಯ ಕೇಳ್ತಾರೆ, ಆಮೇಲೆ ಅದು ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಗೆ ಹೋಗಿ ಕಾನೂನಿನ ಭಾಷೆಗೆ ಇಳಿಯುತ್ತೆ. ಅಲ್ಲಿಂದ ಸಂಪುಟ, ಸಂಪುಟದಿಂದ ಸದನ. ಸದನಕ್ಕೆ ಬಂದ ಮೇಲೆ ಬದಲಾಗೋದು ಅಪರೂಪ. ಬಹಳಷ್ಟು ಮಸೂದೆಗಳು ಮಂಡನೆಯಾದ ಅಧಿವೇಶನದಲ್ಲೇ ಪಾಸಾಗ್ತವೆ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ (ಹೀಗೇ ಮತ ಹಾಕಿ ಅನ್ನೋ ಪಕ್ಷದ ಆದೇಶ) ಇದ್ದರೆ ಶಾಸಕ ತನ್ನ ಪಕ್ಷದ ವಿರುದ್ಧ ಮತ ಹಾಕೋ ಹಾಗಿಲ್ಲ, ಹಾಕಿದರೆ ಸ್ಥಾನಕ್ಕೇ ಕುತ್ತು. ಹಾಗಾಗಿ ಬುದ್ಧಿವಂತ ಲಾಬಿಗಾರ 224 ಶಾಸಕರ ಮನೆ ಬಾಗಿಲು ತಟ್ಟಲ್ಲ. ಒಬ್ಬ ಸಚಿವ, ಒಬ್ಬ ಪ್ರಧಾನ ಕಾರ್ಯದರ್ಶಿ, ಕರಡು ಬರೆಯೋ ಇಬ್ಬರು ಅಧಿಕಾರಿಗಳು, ಇಷ್ಟು ಜನ ಸಿಕ್ಕರೆ ಅವನ ಕೆಲಸ ಆಯ್ತು. ಅಮೆರಿಕದಲ್ಲಿ ಸಂಸದ ಪಕ್ಷವನ್ನು ಲೆಕ್ಕಿಸದೆ ಮತ ಹಾಕಬಹುದು, ಅದಕ್ಕೇ ಅಲ್ಲಿ ಲಾಬಿಗಾರ ಒಬ್ಬೊಬ್ಬರ ಹಿಂದೆಯೂ ಓಡಾಡ್ತಾನೆ. ಇಲ್ಲಿ ಆ ಖರ್ಚೇ ಇಲ್ಲ.

2023ರ ಫೆಬ್ರವರಿಯ ಕಾರ್ಖಾನೆಗಳ ತಿದ್ದುಪಡಿ ನೋಡಿ. ದಿನಕ್ಕೆ 12 ಗಂಟೆವರೆಗೆ ಪಾಳಿ, ಮಹಿಳೆಯರಿಗೆ ರಾತ್ರಿ ಪಾಳಿ, ಮೂರು ತಿಂಗಳಿಗೆ 75 ಗಂಟೆ ಇದ್ದ ಓವರ್‌ಟೈಮ್ ಮಿತಿ ಹತ್ತಿರಹತ್ತಿರ ದುಪ್ಪಟ್ಟು. ಮೊಬೈಲ್ ತಯಾರಿಸುವ ಕಂಪನಿಗಳ ಒತ್ತಾಸೆ ಇದರ ಹಿಂದೆ ಇತ್ತು ಅಂತ ವಿದೇಶಿ ಪತ್ರಿಕೆಯಲ್ಲಿ ಸುದ್ದಿ ಬಂತು. ಎರಡೂ ಸದನಗಳಲ್ಲಿ ಅದು ಒಂದೇ ವಾರದಲ್ಲಿ ಮುಗಿದುಹೋಯ್ತು. ಹರಿಹರದ ಕಾರ್ಮಿಕ ಸಂಘ ಕರಪತ್ರ ಅಚ್ಚು ಹಾಕಿಸಬೇಕು ಅಂದರೂ ಅಷ್ಟು ದಿನ ಬೇಕು.

ಹೊಂಡದ ಸರ್ಕಲ್ (ದಾವಣಗೆರೆ)

ಅಲ್ರೀ ಕೋಟೆಕಲ್ಲು, ದಾರಿ ಗೊತ್ತಿದ್ದ ಮಾತ್ರಕ್ಕೆ ಬಾಗಿಲು ತೆಗೀತಾರಾ? ದುಡ್ಡಿನ ಮಾತು ಬಿಟ್ಟು ಬರೀ ಕಾರ್ಯವಿಧಾನ ಹೇಳ್ತಿದೀರಿ.

2017ಕ್ಕಿಂತ ಮುಂಚೆ ಕಂಪನಿ ಕಾಯ್ದೆಯ 182ನೇ ಕಲಂ ಪ್ರಕಾರ ಕಂಪನಿಯೊಂದು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 7.5ಕ್ಕಿಂತ ಹೆಚ್ಚು ದೇಣಿಗೆ ಕೊಡೋ ಹಾಗಿರಲಿಲ್ಲ. ಯಾವ ಪಕ್ಷಕ್ಕೆ ಎಷ್ಟು ಅಂತ ಲೆಕ್ಕಪತ್ರದಲ್ಲಿ ಬರೀಬೇಕಿತ್ತು. 2017ರ ಹಣಕಾಸು ಕಾಯ್ದೆ ಮಿತಿಯನ್ನೂ ತೆಗೀತು, ಪಕ್ಷದ ಹೆಸರನ್ನೂ ತೆಗೀತು. ಅದು ಬಂದಿದ್ದು ಧನ ಮಸೂದೆಯ (ಮನಿ ಬಿಲ್) ರೂಪದಲ್ಲಿ, ಹಾಗಾಗಿ ರಾಜ್ಯಸಭೆ ತಡೆಯೋ ಹಾಗೇ ಇರಲಿಲ್ಲ. 2018ರಿಂದ ಚುನಾವಣಾ ಬಾಂಡ್, ಅಂದರೆ ಕೊಟ್ಟವರ ಹೆಸರು ಹೊರಗೆ ಬಾರದ ದೇಣಿಗೆ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಬಾಂಡನ್ನೂ ರದ್ದು ಮಾಡಿತು, ಮಿತಿ ತೆಗೆದಿದ್ದನ್ನೂ ರದ್ದು ಮಾಡಿತು. ಮಾರ್ಚ್‌ನಲ್ಲಿ ಪಟ್ಟಿ ಹೊರಬಿತ್ತು: ಲಾಟರಿ, ಮೂಲಸೌಕರ್ಯ, ಗಣಿ, ಔಷಧ ಕಂಪನಿಗಳು. ಯಾರಿಗೆ ಸರ್ಕಾರದ ಪರವಾನಗಿ, ಟೆಂಡರ್, ದರ ನಿಗದಿ ಬೇಕೋ ಅಂಥವರೇ ಎದ್ದು ಕಾಣ್ತಾರೆ.

ಇನ್ನೊಂದು. ವಿಧಾನಸಭೆ ಅಭ್ಯರ್ಥಿಗೆ 40 ಲಕ್ಷ ಖರ್ಚಿನ ಮಿತಿ ಇದೆ, ಲೋಕಸಭೆಗೆ 95 ಲಕ್ಷ. ಪಕ್ಷ ಮಾಡೋ ಖರ್ಚಿಗೆ ಮಿತಿಯೇ ಇಲ್ಲ. ಆ ದುಡ್ಡು ಎಲ್ಲಿಂದ ಬರುತ್ತೋ ಕಿವಿಯೂ ಆ ಕಡೆಗೇ ಇರುತ್ತೆ.

ಜೋಗಿಮಟ್ಟಿ (ಚಿತ್ರದುರ್ಗ)

ಹೊಂಡದ ಸರ್ಕಲ್ ಹೇಳಿದ್ದು ಅಷ್ಟೂ ನಿಜ. ಆದರೆ ದುಡ್ಡಿನಿಂದಲೇ ಎಲ್ಲ ನಡೆಯುತ್ತೆ ಅಂದರೆ ಕೆಲವು ಸಂಗತಿಗಳಿಗೆ ಉತ್ತರ ಸಿಗಲ್ಲ.

ಉದ್ಯೋಗ ಮೀಸಲಾತಿ ಮಸೂದೆಯನ್ನೇ ತಗೊಳ್ಳಿ. ಹರಿಯಾಣದ ಶೇ 75ರ ಅಂಥದ್ದೇ ಕಾನೂನನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದು ಮಾಡಿತ್ತು. ಉದ್ಯಮದವರ ಕೈಲಿ ಆ ತೀರ್ಪೂ ಇತ್ತು. ಕಾಸಿನ ಜೊತೆಗೆ ಕಾನೂನಿನ ವಾದವೂ ಸಿದ್ಧವಾಗಿರೋದೇ ಅವರ ನಿಜವಾದ ಅನುಕೂಲ.

ಖಾಸಗಿ ಆಸ್ಪತ್ರೆಗಳ ಕಾಯ್ದೆ, ಅಂದರೆ ಕೆಪಿಎಂಇ ತಿದ್ದುಪಡಿ 2017, ನಮ್ಮೂರುಗಳಿಗೆ ಹತ್ತಿರದ ಪಾಠ. ದಾವಣಗೆರೆಯಂಥ ಮೆಡಿಕಲ್ ಕಾಲೇಜುಗಳ ಊರಲ್ಲಿ ಇದನ್ನು ಮರೆಯೋ ಹಾಗಿಲ್ಲ. ನ್ಯಾಯಮೂರ್ತಿ ವಿಕ್ರಮ್‌ಜಿತ್ ಸೇನ್ ಸಮಿತಿ ವರದಿ, ಜೂನ್‌ನಲ್ಲಿ ಮಸೂದೆ, ಆಮೇಲೆ ಜಂಟಿ ಪರಿಶೀಲನಾ ಸಮಿತಿ, ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ರಾಜ್ಯದಾದ್ಯಂತ ಖಾಸಗಿ ವೈದ್ಯರ ಮುಷ್ಕರ. ಕೊನೆಗೆ ಪಾಸಾದಾಗ ತಪ್ಪಿಗೆ ಜೈಲು ಅನ್ನೋ ಅಂಶ ಸಡಿಲವಾಗಿತ್ತು, ಚಿಕಿತ್ಸೆಯ ದರ ನಿಗದಿ ಮಾಡೋ ಸರ್ಕಾರದ ಅಧಿಕಾರವೂ ಸೊರಗಿತ್ತು. ಅಲ್ಲಿಗೆ ಲಾಬಿ ಗೆದ್ದಿತು ಅಂತ ಎಲ್ಲರೂ ನಿಲ್ಲಿಸ್ತಾರೆ. ಮುಂದೆ ಓದಿ: ಬಾಕಿ ಹಣಕ್ಕಾಗಿ ಶವ ಹಿಡಿದಿಡಬಾರದು, ರೋಗಿಗಳ ಹಕ್ಕುಗಳ ಸನ್ನದು ಇರಬೇಕು, ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ದೂರು ಕೇಳುವ ಪ್ರಾಧಿಕಾರ ಇರಬೇಕು. ಇವು ಉಳಿದವು. ರೋಗಿಗಳ ಪರ ಸಂಘಟನೆಗಳೂ ಸುಮ್ಮನೆ ಕೂತಿರಲಿಲ್ಲ, ಅದಕ್ಕೇ ಉಳಿದವು.

ಕೀಟನಾಶಕದ್ದು ತದ್ವಿರುದ್ಧ. 2020ರ ಮೇ ತಿಂಗಳಲ್ಲಿ ಕೇಂದ್ರ 27 ಕೀಟನಾಶಕಗಳ ನಿಷೇಧಕ್ಕೆ ಕರಡು ಆದೇಶ ಹೊರಡಿಸಿತು. ಆಕ್ಷೇಪಣೆಗೆ ಮೊದಲು 45 ದಿನ, ಆಮೇಲೆ 90 ದಿನ. ಉದ್ಯಮದ ಸಂಘಗಳು ಒಂದೊಂದು ರಾಸಾಯನಿಕಕ್ಕೂ ಪ್ರತ್ಯೇಕ ದತ್ತಾಂಶ ಕೊಟ್ಟು ವಾದಿಸಿದವು, ಸಮಿತಿ ಆಯ್ತು, 2023ರ ಹೊತ್ತಿಗೆ ಪೂರ್ತಿ ನಿಷೇಧದ ಪಟ್ಟಿ ಡೈಕೋಫಾಲ್, ಡೈನೋಕ್ಯಾಪ್, ಮೆಥೋಮಿಲ್ ಅನ್ನೋ ಮೂರಕ್ಕೆ ಬಂದು ನಿಂತಿತು. ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ಔಷಧಿ ಹೊಡೆಯೋ ಕೂಲಿಯವರ ಪರವಾಗಿ ಆ 90 ದಿನಗಳಲ್ಲಿ ಎಷ್ಟು ಕಾಗದ ದೆಹಲಿ ಮುಟ್ಟಿರಬಹುದು? ಯೋಚನೆ ಮಾಡಿ.

ಮಂಡಿಪೇಟೆ (ದಾವಣಗೆರೆ)

ಒಂದು ಅನುಮಾನ. ನಮ್ಮ ದೇಶದಲ್ಲಿ ಲಾಬಿ ಮಾಡೋದು ಕಾನೂನುಬದ್ಧವೋ ಅಪರಾಧವೋ?

ಕೋಟೆಕಲ್ಲು (ಚಿತ್ರದುರ್ಗ)

ಎರಡೂ ಅಲ್ಲ. ಅದಕ್ಕೆ ಅಂತ ಕಾನೂನೇ ಇಲ್ಲ. ಮನವಿ ಕೊಡೋದು, ಸಚಿವರನ್ನು ಭೇಟಿಯಾಗೋದು, ಕರಡು ಬರೆದುಕೊಡೋದು ತಪ್ಪಲ್ಲ. ದುಡ್ಡು ಅಥವಾ ಅನುಕೂಲ ಕೈಬದಲಾದರೆ ಭ್ರಷ್ಟಾಚಾರ ತಡೆ ಕಾಯ್ದೆ. 2018ರ ತಿದ್ದುಪಡಿ ಬಂದ ಮೇಲೆ ಲಂಚ ಕೊಟ್ಟ ಕಂಪನಿಯೂ ಆರೋಪಿ. ಮತ ಹಾಕೋಕೆ ಲಂಚ ತಗೊಂಡ ಶಾಸಕನಿಗೆ ಸದನದ ರಕ್ಷಣೆ ಇಲ್ಲ ಅಂತ 2024ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಹೇಳಿದೆ, 1998ರ ತನ್ನದೇ ತೀರ್ಪನ್ನು ತಿರುಗಿಸಿ. ಪ್ರಶ್ನೆ ಕೇಳೋಕೆ ಕಾಸು ತಗೊಂಡಿದ್ದಕ್ಕೆ 2005ರಲ್ಲಿ 11 ಸಂಸದರು ಉಚ್ಚಾಟನೆಯಾದರು.

ಅಮೆರಿಕದಲ್ಲಿ 1995ರ ಕಾಯ್ದೆ ಪ್ರಕಾರ ಲಾಬಿಗಾರ ನೋಂದಣಿ ಮಾಡಿಸಬೇಕು, ಮೂರು ತಿಂಗಳಿಗೊಮ್ಮೆ ಯಾವ ವಿಷಯಕ್ಕೆ ಎಷ್ಟು ಖರ್ಚು ಅಂತ ಲೆಕ್ಕ ಕೊಡಬೇಕು. ತಮಾಷೆ ಅಂದರೆ, ಭಾರತದ ಚಿಲ್ಲರೆ ಮಾರುಕಟ್ಟೆಯ ವಿಷಯವೂ ಸೇರಿ ವಾಲ್‌ಮಾರ್ಟ್ 2008ರಿಂದ ಸುಮಾರು 2.5 ಕೋಟಿ ಡಾಲರ್ ಲಾಬಿಗೆ ಸುರಿದಿದೆ ಅನ್ನೋದು 2012ರಲ್ಲಿ ನಮಗೆ ಗೊತ್ತಾಗಿದ್ದೇ ಅಲ್ಲಿನ ಲೆಕ್ಕಪತ್ರದಿಂದ. ಸಂಸತ್ತಿನಲ್ಲಿ ಗಲಾಟೆ ಎದ್ದು, ನ್ಯಾಯಮೂರ್ತಿ ಮುದ್ಗಲ್ ವಿಚಾರಣಾ ಸಮಿತಿಯೂ ಆಯ್ತು. ಕಾನೂನು ಮಾತ್ರ ಆಗಲಿಲ್ಲ. ಲಾಬಿ ವಿವರ ಬಹಿರಂಗಪಡಿಸುವ ಖಾಸಗಿ ಮಸೂದೆಯೊಂದು (ಸಚಿವರಲ್ಲದ ಸಂಸದರು ಮಂಡಿಸೋದು) ಲೋಕಸಭೆಯಲ್ಲಿ ಬಂದಿತ್ತು. 1970ರ ನಂತರ ಸಂಸತ್ತಿನ ಎರಡೂ ಸದನಗಳಲ್ಲಿ ಒಂದೇ ಒಂದು ಖಾಸಗಿ ಮಸೂದೆಯೂ ಪಾಸಾಗಿಲ್ಲ ಅಂದ ಮೇಲೆ ಅದರ ಗತಿ ಬೇರೆ ಹೇಳಬೇಕಾಗಿಲ್ಲ.

ಸಂತೆಬೆನ್ನೂರು (ಚನ್ನಗಿರಿ ತಾಲ್ಲೂಕು)

ಎಲ್ಲರೂ ಲಾಬಿ ಅಂದರೆ ಸೂಟು ಬೂಟಿನವರು ಅಂತಲೇ ಮಾತಾಡ್ತಿದೀರಿ. ನಮ್ಮ ಕಡೆ ಅಡಿಕೆಯವರು ಮಾಡೋದೇನು? ವಿದೇಶಿ ಅಡಿಕೆ ಅಗ್ಗಕ್ಕೆ ಒಳಗೆ ಬರಬಾರದು ಅಂತ ಕ್ಯಾಂಪ್ಕೋ, ಮ್ಯಾಮ್ಕೋಸ್, ತುಮ್ಕೋಸ್‌ನಂಥ ಸಹಕಾರ ಸಂಘಗಳು, ಮಲೆನಾಡು–ಕರಾವಳಿಯ ಸಂಸದರು ಸೇರಿ ದೆಹಲಿಗೆ ನಿಯೋಗದ ಮೇಲೆ ನಿಯೋಗ ಹೋದರು. ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿ ಇದ್ದದ್ದು 2023ರ ಫೆಬ್ರವರಿಯಲ್ಲಿ 351 ಆಯ್ತು. ಇದಕ್ಕೆ ಸಂಸತ್ತಿನ ಕಾನೂನೇನೂ ಬೇಕಾಗಲಿಲ್ಲ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಒಂದು ಅಧಿಸೂಚನೆ ಸಾಕಾಯ್ತು. ಭೀಮಸಮುದ್ರ, ಚನ್ನಗಿರಿ ಮಾರುಕಟ್ಟೆಯಲ್ಲಿ ಕೂತವರು ಇದನ್ನು ಲಾಬಿ ಅನ್ನಲ್ಲ, ಹೋರಾಟ ಅಂತಾರೆ.

ಪಕ್ಕದಲ್ಲೇ ಮೆಕ್ಕೆಜೋಳ ನೋಡಿ. ದಾವಣಗೆರೆ ಜಿಲ್ಲೆಯ ಹೊಲದ ತುಂಬ ಅದೇ. ಆದರೆ ಬೆಳೆಗಾರರದ್ದು ಅಂತ ಒಂದು ಗಟ್ಟಿ ಸಂಘ ಇಲ್ಲ. ಒಂದು ಕಡೆ ಕೋಳಿ ಆಹಾರದವರು "ಆಮದು ಬಿಡಿ" ಅಂತಾರೆ, ಇನ್ನೊಂದು ಕಡೆ ಎಥೆನಾಲ್‌ನವರು ತಮ್ಮ ದರ ಕೇಳ್ತಾರೆ. ಎರಡೂ ಕಡೆ ಕಚೇರಿ ಇದೆ, ವಕೀಲರಿದ್ದಾರೆ, ಅಂಕಿಅಂಶ ಇದೆ. 2024ರ ಜೂನ್‌ನಲ್ಲಿ ಶೇ 15ರ ರಿಯಾಯಿತಿ ಸುಂಕದಲ್ಲಿ ಸುಮಾರು 5 ಲಕ್ಷ ಟನ್ ಆಮದಿಗೆ ಕೇಂದ್ರ ಅನುಮತಿ ಕೊಟ್ಟಾಗ ಬೆಳೆಗಾರರ ಪರ ಎದುರುವಾದ ಮಂಡಿಸೋಕೆ ಯಾರಿದ್ದರು? 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಅಂತ ಘೋಷಣೆ ಇದೆ, ಆದರೆ ಆ ಬೆಲೆಗೆ ಕೊಳ್ಳಲೇಬೇಕು ಅಂತ ಯಾವ ಕಾನೂನೂ ಇಲ್ಲ. ಅಡಿಕೆಯವರ ಹತ್ತಿರ ಸಹಕಾರ ಸಂಘದ ಷೇರು ಹಣ, ಸಿಬ್ಬಂದಿ, ನಿರಂತರ ಓಡಾಟ ಇದೆ. ಜೋಳದವರ ಹತ್ತಿರ ಒಂದು ದಿನದ ರಸ್ತೆ ತಡೆ ಇದೆ. ಅಷ್ಟೇ ವ್ಯತ್ಯಾಸ. ನಾನಂತೂ ಲಾಬಿಯನ್ನೇ ಬೈಯಲ್ಲ, ನಮ್ಮದು ಇಲ್ಲದ್ದಕ್ಕೆ ಬೈತೀನಿ.

ಹೊಂಡದ ಸರ್ಕಲ್ (ದಾವಣಗೆರೆ)

ಸಂತೆಬೆನ್ನೂರಣ್ಣ, ಒಪ್ಪಿದೆ. ಆದರೆ ಅಡಿಕೆಯವರು ಯಾರ ಹತ್ತಿರ ಹೋದರು, ಏನು ಕೇಳಿದರು ಅನ್ನೋದು ಪೇಪರಲ್ಲಿ ಫೋಟೋ ಸಮೇತ ಬಂತು. ಗಣಿಯವರು, ಆಸ್ಪತ್ರೆಯವರು, ಮೊಬೈಲ್ ಕಂಪನಿಯವರು ಏನು ಕೇಳಿದರು ಅಂತ ಎಲ್ಲಿ ಬರುತ್ತೆ? ನನ್ನ ತಕರಾರು ಆ ಗುಟ್ಟಿನ ಮೇಲೆ.

ಉಚ್ಚಂಗಿ ದಾರಿ (ದಾವಣಗೆರೆ)

ಗುಟ್ಟು ಒಡೆಯೋಕೆ ಇರೋ ಸಾಧನ ಮಾಹಿತಿ ಹಕ್ಕು. ಹೆಚ್ಚಿನವರು ಅರ್ಜಿ ಹಾಳು ಮಾಡಿಕೊಳ್ಳೋದು ಪ್ರಶ್ನೆಯಲ್ಲೇ. "ಈ ತಿದ್ದುಪಡಿ ಯಾಕೆ ತಂದಿರಿ?" ಅಂತ ಕೇಳಿದರೆ "ಇದು ಮಾಹಿತಿಯ ವ್ಯಾಖ್ಯಾನದಡಿ ಬರುವುದಿಲ್ಲ" ಅಂತ ಹಿಂಬರಹ ಬರುತ್ತೆ, ಮುಗೀತು. ದಾಖಲೆಯನ್ನು ಹೆಸರಿಟ್ಟು ಕೇಳಬೇಕು: ಇಂಥ ಅಧಿಸೂಚನೆಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ಸಂಘ ಸಂಸ್ಥೆ ಮತ್ತು ಕಂಪನಿಗಳಿಂದ ಬಂದ ಎಲ್ಲ ಮನವಿಗಳ ಪ್ರತಿ, ಅವರೊಂದಿಗೆ ನಡೆದ ಸಭೆಗಳ ನಡವಳಿ ಮತ್ತು ಹಾಜರಾತಿ ಪಟ್ಟಿ, ಬಂದ ಆಕ್ಷೇಪಣೆಗಳ ಕ್ರೋಡೀಕೃತ ತಃಖ್ತೆ (ಒಟ್ಟುಗೂಡಿಸಿದ ಪಟ್ಟಿ).

ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ, ಬಿಪಿಎಲ್ ಇದ್ದರೆ ಶುಲ್ಕ ಇಲ್ಲ. ಉತ್ತರಕ್ಕೆ 30 ದಿನ. ಬರದಿದ್ದರೆ ಅಥವಾ ಅರ್ಧಂಬರ್ಧ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದಲ್ಲಿ ಸರದಿ ಬರೋಕೆ ಬಹಳ ಕಾಲ ಹಿಡಿಯುತ್ತೆ. ಅದಕ್ಕೇ ಕರಡು ಹೊರಬಿದ್ದ ವಾರವೇ ಅರ್ಜಿ ಹಾಕಬೇಕು, ಕಾನೂನು ಆದ ಮೇಲಲ್ಲ.

ಸಂಪುಟದ ಕಾಗದ ಅಂತ ಮಾಹಿತಿ ಹಕ್ಕು ಕಾಯ್ದೆಯ 8(1)(ಐ) ಕಲಂ ತೋರಿಸಿ ನಿರಾಕರಿಸ್ತಾರೆ. ಆ ಕಲಂ ಪೂರ್ತಿ ಓದಿ: ತೀರ್ಮಾನ ಆಗಿ ವಿಷಯ ಮುಗಿದ ಮೇಲೆ ಆ ತೀರ್ಮಾನ, ಅದರ ಕಾರಣ, ಅದಕ್ಕೆ ಆಧಾರವಾದ ಸಾಮಗ್ರಿ ಬಹಿರಂಗ ಮಾಡಬೇಕು ಅಂತಲೂ ಅಲ್ಲೇ ಇದೆ. ಯಾರೂ ಬಳಸದ ಇನ್ನೊಂದು ಕಲಂ 4(1)(ಸಿ). ಸಾರ್ವಜನಿಕರನ್ನು ಬಾಧಿಸುವ ಮುಖ್ಯ ನೀತಿ ರೂಪಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನು ಸರ್ಕಾರ ತಾನಾಗಿಯೇ ಪ್ರಕಟಿಸಬೇಕು ಅನ್ನುತ್ತೆ ಅದು. ಮೇಲ್ಮನವಿಯಲ್ಲಿ ಇದನ್ನು ಹಾಕಿ.

ಜೋಗಿಮಟ್ಟಿ (ಚಿತ್ರದುರ್ಗ)

ಈಗ ಆಕ್ಷೇಪಣೆಯ ವಿಷಯ. ನನ್ನ ಪ್ರಕಾರ ಸಾಮಾನ್ಯ ಜನ ಕಡಿಮೆ ಖರ್ಚಲ್ಲಿ ನಿಜವಾಗಿ ಒಳಹೋಗಬಹುದಾದ ಕಿಂಡಿ ಕರಡು ನಿಯಮಗಳ ಹಂತ. ಕಾಯ್ದೆ ಅನ್ನೋದು ಅಸ್ಥಿಪಂಜರ, ಉಳಿದದ್ದೆಲ್ಲ ನಿಯಮದಲ್ಲಿ ತುಂಬ್ತಾರೆ: ಶುಲ್ಕ ಎಷ್ಟು, ದೂರ ಎಷ್ಟು ಮೀಟರ್, ಎಷ್ಟು ದಿನದಲ್ಲಿ, ಯಾರಿಗೆ ವಿನಾಯಿತಿ. ಲಾಬಿಗಾರರು ಹೆಚ್ಚು ಕಾಲ ಕಳೆಯೋದೂ ಇಲ್ಲೇ.

ಮೂಲ ಕಾಯ್ದೆ "ಪೂರ್ವ ಪ್ರಕಟಣೆಗೆ ಒಳಪಟ್ಟು" ನಿಯಮ ಮಾಡಬೇಕು ಅಂದಿದ್ದರೆ ಕರಡು ರಾಜ್ಯಪತ್ರದಲ್ಲಿ (ಗೆಜೆಟ್) ಬರಲೇಬೇಕು. ಸಾಮಾನ್ಯವಾಗಿ 30 ದಿನ, ಕೆಲವೊಮ್ಮೆ 15. ದಿನ ಎಣಿಸೋದು ರಾಜ್ಯಪತ್ರದ ತಾರೀಕಿನಿಂದ, ನಿಮ್ಮೂರಿನ ಪೇಪರಲ್ಲಿ ಸುದ್ದಿ ಬಂದ ದಿನದಿಂದ ಅಲ್ಲ. ಎಷ್ಟೋ ಸಲ ಸುದ್ದಿ ಬರೋ ಹೊತ್ತಿಗೆ ಅರ್ಧ ಅವಧಿ ಮುಗಿದಿರುತ್ತೆ. ವಾಡಿಕೆಯ ರಾಜ್ಯಪತ್ರ ಗುರುವಾರ ಬರುತ್ತೆ, ವಿಶೇಷ ರಾಜ್ಯಪತ್ರ ಯಾವ ದಿನವಾದರೂ ಬರಬಹುದು. ಇ-ರಾಜ್ಯಪತ್ರ ಜಾಲತಾಣದಲ್ಲಿ ಭಾಗ 4ಎ ತೆರೆದು ನೋಡೋಕೆ ಸಂಘದಲ್ಲಿ ಒಬ್ಬರನ್ನು ನೇಮಿಸಿ. ದೊಡ್ಡ ಸಂಸ್ಥೆಗಳು ಇದೊಂದೇ ಕೆಲಸಕ್ಕೆ ಸಂಬಳ ಕೊಟ್ಟು ಜನ ಇಟ್ಟಿರ್ತವೆ.

ಕೇಂದ್ರದ ಮಸೂದೆಗಳಿಗೆ 2014ರ ಶಾಸನಪೂರ್ವ ಸಮಾಲೋಚನಾ ನೀತಿ ಇದೆ. ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕು, ಬಂದ ಅಭಿಪ್ರಾಯಗಳ ಸಾರಾಂಶ ಪ್ರಕಟಿಸಬೇಕು. ನೀತಿ ಅಷ್ಟೇ, ಕಾನೂನಲ್ಲ, ಹಾಗಾಗಿ ಮೀರಿದರೆ ಕೇಳೋರಿಲ್ಲ. 2020ರ ಕೃಷಿ ಕಾನೂನುಗಳು ಸುಗ್ರೀವಾಜ್ಞೆಯಾಗಿ ಬಂದವು, ಕರಡೂ ಇಲ್ಲ, ಸ್ಥಾಯಿ ಸಮಿತಿಯೂ ಇಲ್ಲ. 15ನೇ ಲೋಕಸಭೆಯಲ್ಲಿ ಶೇ 71ರಷ್ಟು ಮಸೂದೆ ಸಮಿತಿಗೆ ಹೋಗ್ತಿದ್ದವು, 17ನೇ ಲೋಕಸಭೆಯಲ್ಲಿ ಶೇ 16. ಜನ ಮಾತಾಡಬಹುದಾದ ಜಾಗ ಅಷ್ಟು ಕಿರಿದಾಯ್ತು. ಆ ಕಾನೂನುಗಳನ್ನು ವಾಪಸ್ ತೆಗೆಸೋಕೆ ರೈತರು ದೆಹಲಿ ಗಡಿಯಲ್ಲಿ ಒಂದು ವರ್ಷ ಕೂರಬೇಕಾಯ್ತು.

ಆಕ್ಷೇಪಣೆ ಬರೆಯೋ ಕ್ರಮಕ್ಕೆ ಬರೋಣ. ಮೇಲೆ ಅಧಿಸೂಚನೆ ಸಂಖ್ಯೆ, ತಾರೀಕು, ಕರಡಿನ ಪೂರ್ತಿ ಹೆಸರು. ಸಂಖ್ಯೆ ಇಲ್ಲದಿದ್ದರೆ ಟಪಾಲಿನವರು ಯಾವ ಕಡತಕ್ಕೆ ಸೇರಿಸಬೇಕು ಅಂತ ತಿಳಿಯದೆ ಕಾಗದ ಎಲ್ಲೋ ಉಳಿಯುತ್ತೆ. ಆಮೇಲೆ ಒಂದೊಂದೇ ನಿಯಮ ತಗೊಂಡು ಈಗ ಏನಿದೆ, ಕರಡಿನಲ್ಲಿ ಏನಿದೆ, ಅದರಿಂದ ಯಾರಿಗೆ ಏನು ತೊಂದರೆ, ಅದರ ಬದಲು ಯಾವ ವಾಕ್ಯ ಬೇಕು ಅಂತ ಬರೀರಿ. ಈ ಕೊನೆಯದೇ ಮುಖ್ಯ, ಜನ ಬಿಡೋದೂ ಅದನ್ನೇ. ಉದಾಹರಣೆಗೆ ಅದಿರು ಸಾಗಣೆಯ ಕರಡು ನಿಯಮವೊಂದರಲ್ಲಿ "ಲಾರಿಗಳಿಗೆ ಸಾಧ್ಯವಾದ ಮಟ್ಟಿಗೆ ಹೊದಿಕೆ ಹಾಕತಕ್ಕದ್ದು" ಅಂತ ಇದೆ ಅಂದುಕೊಳ್ಳಿ. "ಧೂಳಿನಿಂದ ನಮ್ಮ ತೋಟ ಹಾಳಾಗಿದೆ, ದಯಮಾಡಿ ಕ್ರಮ ಕೈಗೊಳ್ಳಿ" ಅಂತ ಬರೆದರೆ ಅದು ದೂರು, ಬೇರೆ ಇಲಾಖೆಗೆ ವರ್ಗಾವಣೆ ಆಗುತ್ತೆ. "'ಸಾಧ್ಯವಾದ ಮಟ್ಟಿಗೆ' ಎಂಬ ಪದಗಳನ್ನು ಬಿಟ್ಟುಬಿಡತಕ್ಕದ್ದು, 'ತುಂಬಿದ ಸ್ಥಳದಿಂದ ಇಳಿಸುವ ಸ್ಥಳದವರೆಗೆ' ಎಂದು ಸೇರಿಸತಕ್ಕದ್ದು" ಅಂತ ಬರೆದರೆ ಕರಡು ತಿದ್ದೋ ಅಧಿಕಾರಿಗೆ ಸಿದ್ಧ ಸರಕು ಸಿಕ್ಕಿದ ಹಾಗೆ. ಅವನು ಒಪ್ಪಬೇಕು, ಇಲ್ಲ ಯಾಕೆ ಒಪ್ಪಲ್ಲ ಅಂತ ಟಿಪ್ಪಣಿಯಲ್ಲಿ ಬರೀಬೇಕು. ಆ ಟಿಪ್ಪಣಿಯನ್ನೇ ಆಮೇಲೆ ಮಾಹಿತಿ ಹಕ್ಕಿನಲ್ಲಿ ತೆಗೀಬಹುದು.

ಒಂದೇ ಒಕ್ಕಣೆಯ ಸಾವಿರ ಕಾಗದ ಹೋದರೆ ತಃಖ್ತೆಯಲ್ಲಿ ಒಂದೇ ಸಾಲು ಆಗುತ್ತೆ. ಹತ್ತು ಊರಿನವರು ಹತ್ತು ಬೇರೆ ನಿಯಮಗಳ ಮೇಲೆ ಬರೆದರೆ ಹತ್ತು ಸಾಲು. ಮೊದಲು ವ್ಯಾಖ್ಯಾನದ ಕಲಂ ಓದಿ, ಕಾನೂನಿನ ಹೊಟ್ಟೆ ಬಗೆಯೋದು ಅಲ್ಲೇ. 2025ರ ಫೆಬ್ರವರಿಯ ಕಿರುಸಾಲ ಸುಗ್ರೀವಾಜ್ಞೆಯಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ದಂಡ ಅಂತ ತಲೆಬರಹ ಬಂತು. ಆದರೆ ಬ್ಯಾಂಕುಗಳು, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಹಣಕಾಸು ಸಂಸ್ಥೆಗಳು ಅದರ ವ್ಯಾಪ್ತಿಯಿಂದ ಹೊರಗೆ. ರಾಜ್ಯದ ಅಧಿಕಾರವ್ಯಾಪ್ತಿಯ ಕಾರಣವೂ ಇದೆ, ಸರಿ. ಆದರೆ ಹಳ್ಳಿಯಲ್ಲಿ ವಾರದ ಕಂತು ಕಟ್ಟೋ ಹೆಣ್ಣುಮಕ್ಕಳಲ್ಲಿ ಎಷ್ಟು ಜನಕ್ಕೆ ಅದು ಗೊತ್ತು?

ಮಂಡಿಪೇಟೆ (ದಾವಣಗೆರೆ)

ಕನ್ನಡದಲ್ಲೇ ಬರೆದರೆ ನಡೆಯುತ್ತಾ ಸಾರ್?

ಜೋಗಿಮಟ್ಟಿ (ಚಿತ್ರದುರ್ಗ)

ರಾಜ್ಯಕ್ಕೆ ಧಾರಾಳವಾಗಿ. ಕೇಂದ್ರದ ಕರಡಿಗೆ ಕನ್ನಡದ ಜೊತೆ ಇಂಗ್ಲಿಷ್ ಪ್ರತಿಯೂ ಇಡಿ, ಇಲ್ಲದಿದ್ದರೆ ಪಕ್ಕಕ್ಕೆ ಇಡ್ತಾರೆ. ಸಂಸತ್ತಿನ ಸಮಿತಿಗಳು ಸಾಮಾನ್ಯವಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಕೇಳ್ತವೆ, ಅದೂ 15 ದಿನದಲ್ಲಿ. ಕರಡೇ ಕನ್ನಡದಲ್ಲಿ ಇಲ್ಲ ಅನ್ನೋದು ಗಟ್ಟಿಯಾದ ಆಕ್ಷೇಪಣೆ ಅನ್ನೋದಕ್ಕೆ 2020ರ ಪರಿಸರ ಪರಿಣಾಮ ಅಂದಾಜಿನ (ಇಐಎ) ಕರಡು ಅಧಿಸೂಚನೆ ಸಾಕ್ಷಿ. ದೆಹಲಿ ಹೈಕೋರ್ಟ್ ಅದನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದ ಮಾಡಿ ಅಂದಿತು, ಅವಧಿಯನ್ನು ಆಗಸ್ಟ್ 11ರವರೆಗೆ ಹಿಗ್ಗಿಸಿತು. ನಮ್ಮ ಹೈಕೋರ್ಟ್‌ನಲ್ಲೂ ಇದೇ ವಿಷಯಕ್ಕೆ ತಡೆ ಸಿಕ್ಕಿತು. ಲಕ್ಷಗಟ್ಟಲೆ ಆಕ್ಷೇಪಣೆ ಬಂದವು, ಆ ಕರಡು ಅದೇ ರೂಪದಲ್ಲಿ ಅಂತಿಮ ಆಗಲಿಲ್ಲ. ಆಮೇಲೆ ಬಿಡಿಬಿಡಿ ತಿದ್ದುಪಡಿಗಳಲ್ಲಿ ಕೆಲವು ಅಂಶ ಒಳಗೆ ತೂರಿಸಿದರು, ಅದು ಬೇರೆ ಮಾತು. ಕಣ್ಣು ಮುಚ್ಚೋ ಹಾಗಿಲ್ಲ ಅನ್ನೋದು ಅದಕ್ಕೇ.

ಬಾಗೂರು ರಸ್ತೆ (ಹೊಸದುರ್ಗ)

ಪರಿಸರದ ಮಾತು ಬಂತು ಅಂತ ಗಣಿ ಭಾಗದವರಿಗೆ ಒಂದಿಷ್ಟು. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕಿನಲ್ಲಿ ಗಣಿ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ಅಂತ ಕರೀತಾರೆ. ಇದು ಕಾನೂನು ಮಾಡೋ ಸಭೆ ಅಲ್ಲ, ಆದರೆ ಕಂಪನಿಯ ಸಲಹೆಗಾರನೂ ಹಳ್ಳಿಯವನೂ ಒಂದೇ ಮೈಕಿನ ಮುಂದೆ ನಿಲ್ಲೋ ಅಪರೂಪದ ಜಾಗ.

2006ರ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆ ಪ್ರಕಾರ ಕನಿಷ್ಠ 30 ದಿನ ಮುಂಚೆ ಪತ್ರಿಕಾ ಪ್ರಕಟಣೆ, ಅದರಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆ. (2020ರ ಕರಡು ಇದನ್ನು 20ಕ್ಕೆ ಇಳಿಸೋಕೆ ಹೊರಟಿತ್ತು.) ಕರಡು ವರದಿ ಮತ್ತು ಕನ್ನಡ ಸಾರಾಂಶ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಸಿಗಬೇಕು. ಸಿಗದಿದ್ದರೆ ಸಿಗಲಿಲ್ಲ ಅಂತ ಅವತ್ತೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆ ಇಲ್ಲದವರದ್ದು. ಇಡೀ ಸಭೆಯ ವಿಡಿಯೋ ಆಗಬೇಕು.

ಎಡವೋದು ಇಲ್ಲಿ: ಸಭೆಗೆ ಕೋರಂ ಇಲ್ಲ, ಅಂದರೆ ಕನಿಷ್ಠ ಇಷ್ಟು ಜನ ಇರಬೇಕು ಅಂತಿಲ್ಲ. ಬಹಿಷ್ಕಾರ ಹಾಕಿ ಹೊರಗೆ ಕೂತರೆ, ಲಾರಿ ಮಾಲೀಕರು, ಗುತ್ತಿಗೆದಾರರು, ಟೆಂಪೋದಲ್ಲಿ ಕರೆತಂದವರು ಒಳಗೆ "ಕೆಲಸ ಸಿಗುತ್ತೆ, ಗಣಿ ಬೇಕು" ಅಂತ ಮಾತಾಡಿ ಸಭೆ ಮುಗೀತದೆ, ನಡವಳಿಯಲ್ಲಿ ಬೆಂಬಲ ಮಾತ್ರ ದಾಖಲಾಗುತ್ತೆ. ಪ್ರತಿಭಟನೆ ಮಾಡೋರು ಮಾಡಲಿ, ಒಳಗೆ ಹೋಗಿ ಲಿಖಿತವಾಗಿ ಕೊಡೋಕೆ ಕೆಲವರು ಇರಲೇಬೇಕು. ಕೊನೆಗೆ ನಡವಳಿಯನ್ನು ಅಲ್ಲೇ ಕನ್ನಡದಲ್ಲಿ ಓದಿ ಹೇಳಿ, ಅವತ್ತೇ ಸಹಿ ಆಗಬೇಕು ಅಂತ ನಿಯಮ ಇದೆ. ಊಟದ ಪೊಟ್ಟಣ ಹಂಚೋ ಹೊತ್ತಿಗೆ ಜನ ಎದ್ದು ಹೋಗ್ತಾರೆ, ಓದಿದ್ದು ಯಾರಿಗೂ ಕೇಳಿಸಲ್ಲ. ನಿಂತು ಕೇಳಿ. "ಬೋರ್‌ವೆಲ್ ಬತ್ತಿದ ಬಗ್ಗೆ ಹೇಳಿದ್ದು ಬಿಟ್ಟಿದೀರಿ" ಅಂತ ಅಲ್ಲೇ ಹೇಳಿ ಸೇರಿಸಿಸಿ. ಮಂಡಳಿ 8 ದಿನದಲ್ಲಿ ಅದನ್ನು ಮುಂದಕ್ಕೆ ಕಳಿಸುತ್ತೆ, ಆಮೇಲೆ ಸೇರಿಸೋಕೆ ದಾರಿ ಇಲ್ಲ.

ಹೊಂಡದ ಸರ್ಕಲ್ (ದಾವಣಗೆರೆ)

ಇಷ್ಟೆಲ್ಲ ಮಾಡಿದರೂ ಸಮಿತಿಯಲ್ಲಿ ಕೂತವನೇ ವ್ಯಾಪಾರಿ ಆಗಿದ್ದರೆ? ಬೀಡಿ ಸಿಗರೇಟು ಪೊಟ್ಟಣದ ಶೇ 85 ಭಾಗ ಎಚ್ಚರಿಕೆ ಚಿತ್ರ ಇರಬೇಕು ಅಂತ 2014ರಲ್ಲಿ ಅಧಿಸೂಚನೆ ಆಯ್ತು, 2015ರ ಏಪ್ರಿಲ್‌ನಿಂದ ಜಾರಿ ಆಗಬೇಕಿತ್ತು. ಸರ್ಕಾರ ಮಾಡೋ ನಿಯಮಗಳನ್ನು ಪರಿಶೀಲಿಸುವ ಸಂಸತ್ತಿನ ಅಧೀನ ಶಾಸನ ಸಮಿತಿ ತಡೆ ಹಾಕಿ ಅಂದಿತು. ಆ ಸಮಿತಿಯಲ್ಲಿ ಒಬ್ಬ ಬೀಡಿ ಉದ್ಯಮಿ ಸಂಸದರೇ ಇದ್ದರು. ಒಂದು ವರ್ಷ ತಡವಾಗಿ 2016ರ ಏಪ್ರಿಲ್‌ನಲ್ಲಿ ಜಾರಿ ಆಯ್ತು.

ಕೋಟೆಕಲ್ಲು (ಚಿತ್ರದುರ್ಗ)

ನಿಜ, ಆದರೆ ಕೊನೆಗೆ ಜಾರಿಯಾಗಿದ್ದು ಶೇ 85 ಭಾಗವೇ. ಆ ಸಂಸದರ ವ್ಯಾಪಾರ ಯಾವುದು ಅಂತ ಪತ್ರಿಕೆಗಳು ಎತ್ತಿ ತೋರಿಸಿದ್ದೂ ಅದಕ್ಕೆ ಒಂದು ಕಾರಣ. ರಾಜ್ಯಸಭೆಯಲ್ಲಿ ಸದಸ್ಯರ ಹಿತಾಸಕ್ತಿಗಳ ರಿಜಿಸ್ಟರ್ ಇದೆ, 293ನೇ ನಿಯಮ: ನಿರ್ದೇಶಕತ್ವ, ಸಂಬಳದ ಕೆಲಸ, ನಿಯಂತ್ರಣದಷ್ಟು ಷೇರು, ಸಲಹೆಗಾರಿಕೆ, ವೃತ್ತಿ. ಲೋಕಸಭೆಯಲ್ಲಿ ಅಂಥದ್ದಿಲ್ಲ. ನಮ್ಮ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು. ನಾಮಪತ್ರದ ಅಫಿಡವಿಟ್ ಚುನಾವಣಾ ಆಯೋಗದ ಜಾಲತಾಣದಲ್ಲೇ ಇದೆ. 20 ಸಾವಿರಕ್ಕಿಂತ ಹೆಚ್ಚು ಕೊಟ್ಟವರ ಪಟ್ಟಿಯನ್ನು ಪಕ್ಷಗಳು ಆಯೋಗಕ್ಕೆ ಕೊಡ್ತವೆ, ಅದೂ ಅಲ್ಲೇ ಸಿಗುತ್ತೆ. ಗಣಿ ಮಸೂದೆ ಮೇಲೆ ಮಾತಾಡೋರಿಗೆ ಗಣಿ ಗುತ್ತಿಗೆ ಇದೆಯಾ ಅಂತ ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡೋಕೆ ಕಾಸು ಬೇಕಾಗಿಲ್ಲ.

ಶಾಸಕರನ್ನೂ ಬಿಡಬೇಡಿ. ಅವರ ಮತ ನಮ್ಮ ಕೈಲಿಲ್ಲ ಅಂದೆನೇ ಹೊರತು ಅವರ ಬಾಯಿ ಇದೆಯಲ್ಲ. ಚುಕ್ಕೆ ಗುರುತಿನ ಪ್ರಶ್ನೆಯನ್ನು (ಸಚಿವರು ಸದನದಲ್ಲೇ ಬಾಯಿಮಾತಲ್ಲಿ ಉತ್ತರಿಸೋದು) ನೀವೇ ಬರೆದು ಕೊಡಿ, ಎರಡು ಸಾಲು, ಒಂದೇ ವಿಷಯ: "ಸದರಿ ಕರಡಿಗೆ ಬಂದ ಆಕ್ಷೇಪಣೆಗಳೆಷ್ಟು, ಅವುಗಳಲ್ಲಿ ಅಂಗೀಕರಿಸಿದವು ಯಾವುವು?" ಸಚಿವರು ಸದನದಲ್ಲಿ "ಪರಿಶೀಲಿಸಿ ಕ್ರಮ ಕೈಗೊಳ್ಳುತ್ತೇವೆ" ಅಂದರೆ ಅದು ಭರವಸೆಗಳ ಸಮಿತಿಯ ಪಟ್ಟಿಗೆ ಹೋಗುತ್ತೆ, ಮುಂದೆ ಜವಾಬು ಕೇಳಬಹುದು. ಆಡಳಿತ ಪಕ್ಷದವರಿಗಿಂತ ವಿರೋಧ ಪಕ್ಷದವರು ಬೇಗ ಕೈಗೆತ್ತಿಕೊಳ್ತಾರೆ. ಪರಿಷತ್ ಸದಸ್ಯರನ್ನಂತೂ ಯಾರೂ ಕೇಳೋದೇ ಇಲ್ಲ, ಅವರ ಹತ್ತಿರ ಸಮಯವೂ ಇರುತ್ತೆ.

ಉಚ್ಚಂಗಿ ದಾರಿ (ದಾವಣಗೆರೆ)

ಸಮಿತಿ ಹಂತದಲ್ಲಿ ಜನ ಗೆದ್ದಿದ್ದಕ್ಕೆ ಒಂದು ಹಳೇ ಉದಾಹರಣೆ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆ 2001. 1999ರ ಮಸೂದೆ ಜಂಟಿ ಸಂಸದೀಯ ಸಮಿತಿಗೆ ಹೋಯ್ತು, ಸಮಿತಿ ರೈತರ ಕಡೆಯ ಮಾತನ್ನೂ ಕೇಳಿತು, ರೈತರ ಹಕ್ಕುಗಳದ್ದೇ ಒಂದು ಅಧ್ಯಾಯ ಸೇರಿತು. ಬಿತ್ತನೆ ಉಳಿಸಿಕೊಳ್ಳೋ, ವಿನಿಮಯ ಮಾಡೋ, ಬ್ರ್ಯಾಂಡ್ ಹೆಸರಿಲ್ಲದೆ ಮಾರೋ ಹಕ್ಕು 39ನೇ ಕಲಮಿನಲ್ಲಿ ಇದೆ. ಬೀಜ ಕಂಪನಿಗಳ ಬಲ ಅವತ್ತೂ ಕಡಿಮೆ ಇರಲಿಲ್ಲ.

ಸಂತೆಬೆನ್ನೂರು (ಚನ್ನಗಿರಿ ತಾಲ್ಲೂಕು)

ಕೊನೇದಾಗಿ ಒಂದು ಪ್ರಾಯೋಗಿಕ ಪ್ರಶ್ನೆ. ಆಕ್ಷೇಪಣೆ ಇ-ಮೇಲ್ ಮಾಡಿದರೆ ಸಾಕಾ, ಅಂಚೆಗೂ ಹಾಕಬೇಕಾ? ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಟ್ಟರೆ ಆಗಲ್ವಾ?

ಜೋಗಿಮಟ್ಟಿ (ಚಿತ್ರದುರ್ಗ)

ಅಧಿಸೂಚನೆಯಲ್ಲಿ ಯಾವ ವಿಳಾಸ ಇದೆಯೋ ಅಲ್ಲಿಗೇ, ಎರಡೂ ರೀತಿ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಟ್ಟಿದ್ದು ಬೆಂಗಳೂರು ಸೇರೋ ಹೊತ್ತಿಗೆ ಗಡುವು ದಾಟಿರುತ್ತೆ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿದೆ, ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ವಿವರ ಮುದ್ರಿಸಿ ಇಟ್ಟುಕೊಳ್ಳಿ. ಯಾಕಂದ್ರೆ ಅಂತಿಮ ಅಧಿಸೂಚನೆಯ ಪೀಠಿಕೆಯಲ್ಲಿ ಎಷ್ಟೋ ಸಲ "ಯಾವುದೇ ಆಕ್ಷೇಪಣೆ ಅಥವಾ ಸಲಹೆ ಸ್ವೀಕೃತವಾಗಿಲ್ಲವಾದ್ದರಿಂದ" ಅನ್ನೋ ಸಾಲು ಇರುತ್ತೆ. ಅವತ್ತು ನಿಮ್ಮ ಕೈಲಿ ಆ ಚೀಟಿ ಇದ್ದರೆ ರಿಟ್ ಅರ್ಜಿಗೆ ಅದೇ ಮೊದಲ ಅನುಬಂಧ.